ಎನ್ಲಾರ್ಜರ್ ಲೆನ್ಸ್ ಒಳಗೆ ಚುಕ್ಕೆ ಕಂಡ್ರೆ ಏನ್ ಮಾಡೋದು: ಕೊಡಗಿನ ಮಳೆಗಾಲ ದಾಟಿದ ಲೆನ್ಸ್‌ಗಳಿಗೊಂದು ಗೈಡ್

ನಮ್ಮಲ್ಲಿ ಕಕ್ಕಡ (ಕೊಡಗಿನ ಜಡಿಮಳೆ ತಿಂಗಳು) ಕಳೆದು ನಾಲ್ಕು ದಿನ ಬಿಸಿಲು ಬಿದ್ರೆ ಎಲ್ಲರ ಮನೇಲೂ ಒಂದೇ ಕೆಲಸ, ಬೀರು ತೆಗೆದು ಬಟ್ಟೆ ಅಂಗಳಕ್ಕೆ ಹಾಕೋದು, ಬೆಲ್ಟು ಶೂ ಮೇಲಿನ ಬೂಷ್ಟು ಒರೆಸೋದು, ಹಾಸಿಗೆ ಬಿಸಿಲಿಗೆ ಒಡ್ಡೋದು. ನಾನು ಅವತ್ತೇ ಎನ್ಲಾರ್ಜರ್ ಲೆನ್ಸ್ ಡಬ್ಬಿಗಳನ್ನೂ ತೆಗೆದು ಕಿಟಕಿ ಹತ್ರ ಕೂತ್ಕೊಳ್ತೀನಿ. ಎನ್ಲಾರ್ಜರ್ ಅಂದ್ರೆ ಡಾರ್ಕ್ ರೂಮಲ್ಲಿ ಫಿಲ್ಮ್ ನೆಗೆಟಿವಿನ ಚಿತ್ರವನ್ನ ದೊಡ್ಡದು ಮಾಡಿ ಫೋಟೋ ಪೇಪರ್ ಮೇಲೆ ಬೀಳಿಸೋ ಯಂತ್ರ. ಪ್ರತಿ ವರ್ಷ ಒಂದಾದ್ರೂ ಲೆನ್ಸಲ್ಲಿ ಏನೋ ಹೊಸ ಚುಕ್ಕೆ ಸಿಕ್ಕೇ ಸಿಗತ್ತೆ, ಎದೆ ಧಸಕ್ ಅನ್ನತ್ತೆ, ಕೈ ತಾನಾಗೇ ಸ್ಕ್ರೂಡ್ರೈವರ್ ಕಡೆ ಹೋಗತ್ತೆ. ಅಲ್ಲೇ ನಿಲ್ಲಿಸಿ. ಈ ಬರಹದ ಅರ್ಧಕ್ಕಿಂತ ಜಾಸ್ತಿ ಭಾಗ ಲೆನ್ಸ್ ಬಿಚ್ಚದೇನೇ ಮಾಡೋ ಕೆಲಸದ ಬಗ್ಗೆ, ಯಾಕಂದ್ರೆ ಚುಕ್ಕೆ ಯಾವ ಗಾಜಿನ ಯಾವ ಮುಖದ ಮೇಲಿದೆ ಅಂತ ಗೊತ್ತಾಗೋ ಮೊದಲು ಬಿಚ್ಚಿದ ಲೆನ್ಸ್‌ಗಳನ್ನ ನಾನೇ ಎರಡು ಹಾಳು ಮಾಡಿದ್ದೀನಿ.

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಪ್ರಿಂಟ್ ಮೇಲೆ ಚುಕ್ಕೆ ಬರ್ತಿದೆ ಅಂತ ಲೆನ್ಸ್ ಬಿಚ್ಚೋಕೆ ಹೊರಟಿದ್ರೆ ದಯವಿಟ್ಟು ಬೇಡ. ಲೆನ್ಸ್ ಒಳಗಿನ ಚುಕ್ಕೆ ಪ್ರಿಂಟ್ ಮೇಲೆ ಚುಕ್ಕೆಯಾಗಿ ಬೀಳಲ್ಲ, ಅದು ಫೋಕಸ್ಸಲ್ಲಿ ಇರಲ್ಲ. ನಂಬಿಕೆ ಬರ್ಲಿಲ್ಲ ಅಂದ್ರೆ ಎನ್ಲಾರ್ಜರ್ ಆನ್ ಮಾಡಿ, ಲೆನ್ಸಿನ ಅಪರ್ಚರ್ (ಬ್ಲೇಡುಗಳ ನಡುವೆ ಬೆಳಕು ಹೋಗೋ ತೂತು) ಪೂರ್ತಿ ಓಪನ್ ಇಟ್ಟು, ಕೆಳಗಿನ ಗಾಜಿಗೆ ತಾಗದ ಹಾಗೆ ಒಂದು ಬೆಂಕಿಕಡ್ಡಿ ತುದಿ ಹಿಡೀರಿ. ಕೆಳಗೆ ಬಿದ್ದಿರೋ ಚಿತ್ರದಲ್ಲಿ ಕಡ್ಡಿ ಕಾಣಲ್ಲ, ಬೆಳಕು ಒಂಚೂರು ಕಮ್ಮಿ ಆಗತ್ತೆ ಅಷ್ಟೇ. ಪ್ರಿಂಟ್ ಮೇಲೆ ಚೂಪಾದ ಬಿಳಿ ಚುಕ್ಕೆ, ಬಿಳಿ ಕೂದಲಿನಂಥ ಗೆರೆ ಬಂದ್ರೆ ಅದು ನೆಗೆಟಿವ್ ಮೇಲಿನ ಧೂಳು. ಚೂಪಾದ ಕಪ್ಪು ಚುಕ್ಕೆ ಬಂದ್ರೆ ನೆಗೆಟಿವಲ್ಲೇ ತೂತಿದೆ, ಅಥವಾ ಫಿಲ್ಮ್ ಡೆವಲಪ್ ಮಾಡುವಾಗ ಗಾಳಿಗುಳ್ಳೆ ಕೂತಿತ್ತು. ಮಸುಕು ಮಸುಕಾದ ಮಚ್ಚೆ ಪ್ರತಿ ಪ್ರಿಂಟಲ್ಲೂ ಅದೇ ಜಾಗಕ್ಕೆ ಬರ್ತಿದ್ರೆ ಕಂಡೆನ್ಸರ್ ಗಾಜು (ಲ್ಯಾಂಪ್ ಬೆಳಕನ್ನ ನೆಗೆಟಿವ್ ಮೇಲೆ ಕೂಡಿಸೋದು) ಅಥವಾ ನೆಗೆಟಿವ್ ಹಿಡಿಯೋ ಕ್ಯಾರಿಯರ್ ಗಾಜಿನ ಹೊರಮುಖ ನೋಡಿ, ಅಪರ್ಚರ್ ಸಣ್ಣ ಮಾಡಿದಷ್ಟೂ ಅದು ಎದ್ದು ಕಾಣತ್ತೆ.

ಹಾಗಾದ್ರೆ ಲೆನ್ಸ್ ಕೊಳೆ ಏನ್ ಮಾಡತ್ತೆ? ಬೆಳಕನ್ನ ಚದುರಿಸತ್ತೆ. ಕ್ಯಾಮೆರಾ ಲೆನ್ಸಲ್ಲಿ ಹೀಗಾದ್ರೆ ಆಕಾಶದ ಬಿಳುಪು ನೆರಳಿನೊಳಗೆ ಹರಡಿ ಕಪ್ಪು ಬೂದಿ ಆಗತ್ತೆ, ಎನ್ಲಾರ್ಜರಲ್ಲಿ ಇದು ಉಲ್ಟಾ. ಇಲ್ಲಿ ಜಾಸ್ತಿ ಬೆಳಕು ಬರೋದು ನೆಗೆಟಿವಿನ ತೆಳು ಜಾಗದಿಂದ, ಅಂದ್ರೆ ಪ್ರಿಂಟಲ್ಲಿ ಕಪ್ಪಾಗೋ ಜಾಗದಿಂದ. ಅದು ಚದುರಿ ಬಿಳಿ ಇರ್ಬೇಕಾದ ಕಡೆ ಬೀಳತ್ತೆ. ಮದುವೆ ಫೋಟೋದಲ್ಲಿ ಕಪ್ಪು ಕುಪ್ಯದ (ಕೊಡವ ಗಂಡಸರ ನಿಲುವಂಗಿ) ಪಕ್ಕ ಇರೋ ಬಿಳಿ ಗೋಡೆ ಕೊಳಕಾದಂಗೆ ಕಾಣತ್ತೆ, ನೀವು ಪೇಪರ್ ಹಳೇದಾಯ್ತು ಅಂತ ಬೈಕೊಂಡು ಪೇಪರಿನ ಕಾಂಟ್ರಾಸ್ಟ್ (ಕಪ್ಪು ಬಿಳುಪಿನ ಅಂತರ) ಒಂದು ಗ್ರೇಡ್ ಏರಿಸ್ತೀರ, ಆಮೇಲೆ ಇನ್ನೊಂದು. ಗ್ರೇಡ್ ಏರಿಸ್ತಾ ಹೋಗೋ ಅಭ್ಯಾಸ ಶುರುವಾಗಿದ್ರೆ ಆಗ ಲೆನ್ಸ್ ಮೇಲೆ ಅನುಮಾನ ಪಡೋದು ಸರಿ.

ಟಾರ್ಚ್ ಹಿಡಿದು ನೋಡೋದು

ಲೆನ್ಸ್ ಎನ್ಲಾರ್ಜರಿಂದ ತೆಗೀರಿ. 50 ಎಂಎಂ ಲೆನ್ಸ್‌ಗಳು ಬಹುಪಾಲು 39 ಎಂಎಂ ಲೈಕಾ ಮರೆಯವು (ಮರೆ ಅಂದ್ರೆ ಸ್ಕ್ರೂ ಥ್ರೆಡ್), ಕೈಯಲ್ಲೇ ತಿರುಗತ್ತೆ. ಅಪರ್ಚರ್ ಪೂರ್ತಿ ತೆಗೀರಿ. ಬ್ಲೋವರಲ್ಲಿ ಎರಡೂ ಕಡೆ ಊದಿ, ಹೊರಗಿನ ಎರಡು ಮುಖ ಮೊದಲು ಕ್ಲೀನ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಹೊರಗಿನ ಬೆರಳಚ್ಚನ್ನೇ ಒಳಗಿನ ಫಂಗಸ್ ಅಂದ್ಕೊಂಡು ಕೂತಿರ್ತೀರ. ಅದ್ರಲ್ಲೂ ಹಿಂದಿನ ಗಾಜು. ಎನ್ಲಾರ್ಜರಲ್ಲಿ ಲೆನ್ಸ್ ಕೆಳಮುಖ ಕೂರೋದ್ರಿಂದ ಅದರ ಹಿಂಭಾಗ ಮೇಲಕ್ಕೆ ನೋಡ್ತಿರತ್ತೆ, ಬೆಲ್ಲೋಸಿನ (ಲೆನ್ಸ್ ಮೇಲಿನ ಮಡಿಕೆ ಚೀಲ) ಕಸ, ಕ್ಯಾರಿಯರ್ ಎಳೆದಾಗ ಉದುರೋ ಧೂಳು ಎಲ್ಲಾ ನೇರ ಅಲ್ಲಿಗೇ. ಎಷ್ಟೋ ಸಲ ಕಾಯಿಲೆ ಅಷ್ಟೇ ಆಗಿರತ್ತೆ.

ಆಮೇಲೆ ಕತ್ತಲೆ ಮಾಡ್ಕೊಂಡು, ಹಿಂದೆ ಒಂದು ಕಪ್ಪು ಬಟ್ಟೆ ಹಾಕಿ, ಸಣ್ಣ ಟಾರ್ಚ್ ಬೆಳಕನ್ನ ಲೆನ್ಸ್ ಹಿಂದಿನಿಂದ ಓರೆಯಾಗಿ ಬಿಡಿ. ಬೆಳಕು ನೇರ ನಿಮ್ಮ ಕಣ್ಣಿಗೆ ಬರ್ಬಾರ್ದು, ಗಾಜಿನ ಮೇಲಿರೋದು ಮಾತ್ರ ಹೊಳೀಬೇಕು. ಆಮೇಲೆ ಲೆನ್ಸ್ ತಿರುಗಿಸಿ ಇನ್ನೊಂದು ಕಡೆಯಿಂದ. ಒಂದು ಎಚ್ಚರಿಕೆ, ಹೀಗೆ ನೋಡಿದ್ರೆ ಎಂಥಾ ಲೆನ್ಸೂ ಗಬ್ಬಾಗೇ ಕಾಣತ್ತೆ. ಮಡಿಕೇರಿಯಲ್ಲಿ ವರ್ಷಗಟ್ಟಲೆ ಸ್ಟುಡಿಯೋ ನಡೆಸಿ ಈಗ ಮನೇಲಿರೋ ಒಬ್ಬರ ಹತ್ರ ನಾನು ನನ್ನ 50 ಎಂಎಂ ಲೆನ್ಸ್ ತಗೊಂಡೋಗಿ, 'ಅಣ್ಣ, ಇದ್ರೊಳಗೆ ನೋಡಿ, ನಕ್ಷತ್ರ ತುಂಬಿದ ಹಾಗಿದೆ' ಅಂದೆ. ಅವರು ಕನ್ನಡಕ ಏರಿಸಿ ಒಂದು ಗಳಿಗೆ ನೋಡಿ, 'ಟಾರ್ಚ್ ಆಫ್ ಮಾಡು ತಮ್ಮಾ, ಎಲ್ಲಾ ಲೆನ್ಸೂ ಕ್ಲೀನ್ ಆಗತ್ತೆ' ಅಂದ್ರು. ಅದು ಧೂಳು, ಅಷ್ಟೇ. ಆ ಲೆನ್ಸ್ ಇವತ್ತಿಗೂ ಬಿಚ್ಚಿಲ್ಲ.

ಕಾಣೋದು ಏನು ಅನ್ನೋದನ್ನ ಹೀಗೆ ಬೇರೆ ಮಾಡಿ. ಒಂಟಿ ಒಂಟಿಯಾಗಿ ಹೊಳೆಯೋ ಚುಕ್ಕೆಗಳು ಧೂಳು, ಬಿಟ್ಬಿಡಿ. ಅಂಚಿನಿಂದ ಒಳಕ್ಕೆ ಕವಲು ಕವಲಾಗಿ ಹರಿದಿರೋ ಎಳೆಗಳು, ಜೇಡರ ಬಲೆ ಥರ, ಇಲ್ಲಾ ನಡುವೆ ಒಂದು ಬಿಂದು ಇಟ್ಟು ಸುತ್ತ ಕೂದಲು ಬಿಟ್ಟ ಹಾಗಿರೋ ದುಂಡು ಮಚ್ಚೆ, ಇದು ಫಂಗಸ್, ನಮ್ಮ ಊರಿನ ಮುಖ್ಯ ಗಿರಾಕಿ. ಇಡೀ ಗಾಜಿಗೆ ಒಂದೇ ಸಮ ಹಾಲು ಬಳಿದ ಹಾಗೆ, ಉಸಿರು ಬಿಟ್ಟು ಅದು ಆರದೇ ಉಳಿದ ಹಾಗೆ ಕಂಡ್ರೆ ಅದು ಹೇಝ್. ಅಪರ್ಚರ್ ರಿಂಗಿಗೆ ಹಾಕಿರೋ ಗ್ರೀಸು ವರ್ಷಗಟ್ಟಲೆ ಲ್ಯಾಂಪ್ ಬಿಸಿಗೆ ಆವಿಯಾಗಿ ಪಕ್ಕದ ಗಾಜಿನ ಮೇಲೆ ಕೂತಿರೋದು, ಹಾಗಾಗಿ ಬಹುಪಾಲು ಅಪರ್ಚರಿಗೆ ಎದುರಾಗಿರೋ ಎರಡು ಮುಖಗಳ ಮೇಲೇ ಇರತ್ತೆ. ಬ್ಲೇಡುಗಳು ಎಣ್ಣೆ ಎಣ್ಣೆಯಾಗಿ ಹೊಳೀತಿದ್ರೆ ಇದೇ ಅಂತ ಇನ್ನೂ ಖಾತ್ರಿ.

ಇನ್ನು ಕೆಲವನ್ನ ಕ್ಲೀನ್ ಮಾಡೋಕೇ ಆಗಲ್ಲ, ಇವನ್ನ ಗುರುತಿಸೋದು ಮುಖ್ಯ. ಎರಡು ಗಾಜು ಅಂಟಿಸಿರೋ ಜಾಗದಲ್ಲಿ ಅಂಟು ಬಿಟ್ಟಿದ್ರೆ ಅಂಚಿನಿಂದ ಅರ್ಧಚಂದ್ರದ ಥರ ಒಂದು ಹೊಳಪು, ಕಾಮನಬಿಲ್ಲಿನ ಬಣ್ಣ, ಹಳೆ ಬಾಲ್ಸಮ್ ಅಂಟಾದ್ರೆ ಹಳದಿ ಛಾಯೆ. ಕೆಲವು ಸಲ ಬಾಲ್ಸಮ್ ಒಳಗೇ ಜರೀಗಿಡದ ಎಲೆ ಥರ ಹರಳುಗಟ್ಟಿ ಥೇಟ್ ಫಂಗಸ್ ಹಾಗೇ ಕಾಣತ್ತೆ, ಒರೆಸೋಕೆ ಹೋದ್ರೆ ಗಾಜು ಸವೆಯುತ್ತೆ ಹೊರತು ಅದು ಹೋಗಲ್ಲ. ಶ್ನೈಡರ್ ಕಂಪನಿಯ ಹಳೇ ಕಾಂಪೊನಾನ್‌ಗಳಲ್ಲಿ ಗಾಜಿನ ಅಂಚಿಗೆ ಬಳಿದ ಕಪ್ಪು ಪೇಂಟ್ ಬಿಟ್ಕೊಂಡು ಸುತ್ತ ಬಿಳಿ ಚುಕ್ಕೆ ಹಾರ ಹಾಕಿದ ಹಾಗೆ ಕಾಣತ್ತೆ, ಇದಕ್ಕೆ ಫೋಟೋ ಮಂದಿ ತಮಾಷೆಗೆ ಶ್ನೈಡರೈಟಿಸ್ ಅಂತ ಕಾಯಿಲೆ ಹೆಸರೇ ಇಟ್ಟಿದ್ದಾರೆ. ಬೆಳಕು ಹೋಗೋ ದಾರೀಲಿ ಇಲ್ಲ, ಮರೆತುಬಿಡಿ, ಕಮ್ಮಿ ರೇಟಿಗೆ ಸಿಕ್ಕಿದ್ರೆ ತಗೊಳ್ಳಿ ಕೂಡ. ಗಾಜಿನ ಒಳಗೇ ಇರೋ ಒಂದೆರಡು ದುಂಡನೆ ಗುಳ್ಳೆ ಹುಟ್ಟಿನಿಂದಲೇ ಬಂದಿದ್ದು.

ಯಾವ ಮುಖದ ಮೇಲೆ?

ಇದೇ ಇಡೀ ಕೆಲಸದ ಕೀಲಿ. ಮೂರು ಪರೀಕ್ಷೆ ಇದೆ, ಮೂರೂ ಮಾಡಿ.

ಮೊದಲನೇದು ಸುಲಭ. ಲೆನ್ಸನ್ನ ಮುಂದಿನಿಂದ ನೋಡ್ತಾ ಅಪರ್ಚರ್ ನಿಧಾನ ಮುಚ್ಚಿ, ಎಫ್ 2.8 ರಿಂದ 16 ರವರೆಗೆ. ಬ್ಲೇಡ್ ಬಂದ ಹಾಗೆ ಚುಕ್ಕೆ ಮಾಯ ಆದ್ರೆ ಅದು ಅಪರ್ಚರ್ ಹಿಂದೆ ಇದೆ. ಬ್ಲೇಡಿನ ಮೇಲೇ ತೇಲಿದ ಹಾಗೆ ಉಳಿದ್ರೆ ಮುಂದಿನ ಗುಂಪಿನಲ್ಲಿದೆ. ಹಿಂದಿನಿಂದ ನೋಡಿ ಇದನ್ನೇ ಮತ್ತೆ ಮಾಡಿ, ಉತ್ತರ ತಾಳೆ ಆಗ್ಬೇಕು.

ಎರಡನೇದು, ತಲೆ ಸ್ವಲ್ಪ ಆ ಕಡೆ ಈ ಕಡೆ ಆಡಿಸಿ. ಚುಕ್ಕೆ ಮತ್ತು ಬ್ಲೇಡಿನ ಅಂಚು ಒಟ್ಟಿಗೇ ಸರಿದ್ರೆ ಎರಡೂ ಹತ್ತಿರ ಹತ್ತಿರ ಇವೆ ಅಂತ ಅರ್ಥ, ಚುಕ್ಕೆ ಬೇರೆ ವೇಗದಲ್ಲಿ ಸರಿದ್ರೆ ದೂರ ಇದೆ. ಲೂಪ್ (ಕಣ್ಣಿಗೆ ಹಿಡಿಯೋ ಭೂತಗನ್ನಡಿ) ಇದ್ರೆ ಹೊರಗಿನ ಮುಖಕ್ಕೆ ಫೋಕಸ್ ಮಾಡಿ ಅಲ್ಲಿಂದ ನಿಧಾನ ಒಳಕ್ಕೆ ಇಳಿಸ್ತಾ ಹೋಗಿ, ಯಾವ ಆಳದಲ್ಲಿ ಎಳೆ ಚೂಪಾಗತ್ತೆ ನೋಡಿ.

ಮೂರನೇದು ನನಗೆ ಬಹಳ ಇಷ್ಟ. ಟ್ಯೂಬ್‌ಲೈಟ್ ಕೆಳಗೆ ಲೆನ್ಸ್ ಹಿಡಿದು ಗಾಜಿನೊಳಗೆ ಅದರ ಪ್ರತಿಬಿಂಬ ನೋಡಿ. ಒಂದಲ್ಲ, ಹಲವಾರು ಟ್ಯೂಬ್‌ಲೈಟ್ ಕಾಣತ್ತೆ, ನೇರಳೆ, ಜೇನಿನ ಬಣ್ಣ, ನೀಲಿ, ಕೆಲವು ನೆಟ್ಟಗೆ ಕೆಲವು ತಲೆಕೆಳಗು. ಗಾಳಿ ತಾಗೋ ಪ್ರತಿ ಮುಖಕ್ಕೂ ಒಂದೊಂದು, ಅಂಟಿಸಿದ ಮುಖದ್ದು ತೀರಾ ಮಂಕು. ಲೆನ್ಸ್ ಓಲಾಡಿಸಿ ಒಂದೊಂದೇ ಪ್ರತಿಬಿಂಬವನ್ನ ಚುಕ್ಕೆ ಮೇಲೆ ಹಾಯಿಸಿ. ಯಾವ ಬಣ್ಣದ ಗೆರೆ ಆ ಜಾಗದಲ್ಲಿ ಮುರಿಯುತ್ತೋ ಅದೇ ಮುಖ. ಟಾರ್ಚಲ್ಲಿ ಹೆಚ್ಚೇನೂ ಕಾಣದೆ ಇಲ್ಲಿ ಮಾತ್ರ ಬಣ್ಣ ಬದಲಾದ ಎಳೆ ಕಂಡ್ರೆ ಫಂಗಸ್ ಯಾವಾಗಲೋ ಇದ್ದು ಹೋಗಿದೆ, ಅದು ಬಿಟ್ಟ ಆಸಿಡ್ಡು ಗಾಜಿನ ಮೇಲಿನ ತೆಳು ಪದರ, ಕೋಟಿಂಗ್ ತಿಂದಿದೆ. ಅದಕ್ಕೆ ಮದ್ದಿಲ್ಲ, ಆದ್ರೆ ಸಣ್ಣದಾಗಿದ್ರೆ ಪ್ರಿಂಟಲ್ಲಿ ನಷ್ಟವೂ ಇಲ್ಲ.

ಬಿಚ್ಚೋದಾ ಬೇಡ್ವಾ

ಇದನ್ನ ಕಣ್ಣಿಗೆ ಬಿಡ್ಬೇಡಿ, ಪೇಪರಿಗೆ ಬಿಡಿ. ಖಾಲಿ ಡೆವಲಪ್ ಆದ ಫಿಲ್ಮ್ ತುಂಡಿನ ನಡುವೆ ಬೆರಳುಗುರಿನಷ್ಟು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಕ್ಯಾರಿಯರಲ್ಲಿ ಹಾಕಿ. ಎಫ್ 8 ಇಟ್ಟು 8×10 ಸೈಜಿಗೆ ಬಿಡಿ. ಟೆಸ್ಟ್ ಸ್ಟ್ರಿಪ್ (ಬೇರೆ ಬೇರೆ ಹೊತ್ತು ಬೆಳಕು ಕೊಟ್ಟ ಪೇಪರ್ ಪಟ್ಟಿ) ಹಾಕಿ ಪೂರ್ತಿ ಕಪ್ಪು ಬರೋಕೆ ಎಷ್ಟು ಸೆಕೆಂಡ್ ಬೇಕು ನೋಡ್ಕೊಳ್ಳಿ, 10 ಸೆಕೆಂಡ್ ಅಂತಿಟ್ಕೊಳ್ಳಿ. ಈಗ ಹೊಸ ಪೇಪರ್ ಹಾಕಿ, ಟೇಪಿನ ನೆರಳು ಬಿದ್ದಿರೋ ಜಾಗದ ನಡುವೆ ಒಂದು ರೂಪಾಯಿ ನಾಣ್ಯ ಇಟ್ಟು, ನಾಲ್ಕು ಪಟ್ಟು ಅಂದ್ರೆ 40 ಸೆಕೆಂಡ್ ಕೊಡಿ. ಡೆವಲಪ್ ಮಾಡಿ. ನಾಣ್ಯದ ಕೆಳಗೆ ಪೇಪರ್ ಅಪ್ಪಟ ಬಿಳಿ. ಅದರ ಸುತ್ತಲಿನ ನೆರಳಿನ ಜಾಗವೂ ಬಿಳಿಯಾಗೇ ಇದ್ದು ನಾಣ್ಯದ ಗುರುತೇ ಸಿಗ್ಲಿಲ್ಲ ಅಂದ್ರೆ ನಿಮ್ಮ ಲೆನ್ಸ್ ಚೆನ್ನಾಗಿದೆ, ಡಬ್ಬಿಗೆ ಹಾಕಿ ಮಲಗಿ. ನಾಣ್ಯ ದುಂಡಗೆ ಎದ್ದು ಕಂಡು ಸುತ್ತ ಬೂದಿ ಬಂದ್ರೆ ಬೆಳಕು ಚದುರ್ತಿದೆ. ಆದ್ರೆ ಲೆನ್ಸನ್ನ ಗಲ್ಲಿಗೆ ಹಾಕೋ ಮೊದಲು ಕ್ಯಾಪ್ ಹಾಕಿ ಅದೇ 40 ಸೆಕೆಂಡ್ ಇನ್ನೊಂದು ಪೇಪರ್ ಮೇಲೆ ಇದೇ ಆಟ ಆಡಿ, ಆಗಲೂ ನಾಣ್ಯ ಮೂಡಿದ್ರೆ ಕಳ್ಳ ಎನ್ಲಾರ್ಜರಿನ ತಲೆಯಿಂದ ಸೋರೋ ಬೆಳಕು, ಇಲ್ಲಾ ನಿಮ್ಮ ಡಾರ್ಕ್ ರೂಮಿನ ಕೆಂಪು ದೀಪ, ಸೇಫ್‌ಲೈಟು. ಒಳ್ಳೆ ಲೆನ್ಸಲ್ಲೂ ಒಂದು ಹನಿ ಬೂದಿ ಬರಬಹುದು, ಹಾಗಾಗಿ ಸ್ನೇಹಿತರ ಹತ್ರ ಇನ್ನೊಂದು ಲೆನ್ಸ್ ತಂದು ಎರಡು ಪ್ರಿಂಟ್ ಪಕ್ಕದಲ್ಲಿಟ್ಟು ನೋಡೋದೇ ಸರಿಯಾದ ನ್ಯಾಯ.

ನನ್ನ ಲೆಕ್ಕ ಇಷ್ಟು. ಧೂಳು ಇದ್ರೆ ಬಿಚ್ಚಬೇಡಿ. ಅಂಟು ಬಿಟ್ಟಿದ್ರೆ ಬಿಚ್ಚಬೇಡಿ. ಹೇಝ್ ಇದ್ರೆ ಬಿಚ್ಚಿ, ಅದರಷ್ಟು ಕಾಂಟ್ರಾಸ್ಟ್ ತಿನ್ನೋದು ಬೇರೆ ಯಾವುದೂ ಇಲ್ಲ, ಕ್ಲೀನ್ ಆಗೋದೂ ಸುಲಭ. ಫಂಗಸ್ ಇದ್ರೆ ಪರೀಕ್ಷೆ ಪಾಸಾಗಿದ್ರೂ ಬಿಚ್ಚಿ, ಇವತ್ತು ಸುಮ್ನೆ ಬಿಟ್ರೆ ಮುಂದಿನ ಮಳೆಗಾಲಕ್ಕೆ ಕೋಟಿಂಗ್ ಉಳಿಯಲ್ಲ.

ಏನೇನ್ ಬೇಕು, ಯಾವಾಗ ಮಾಡ್ಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಟ್ಟಬೇಡಿ. ಬಿಚ್ಚಿ ಮುಚ್ಚುವಾಗ ಆ ತೇವದ ಗಾಳಿಯನ್ನೇ ಒಳಗೆ ಹಾಕಿ ಸೀಲ್ ಮಾಡಿದ ಹಾಗಾಗತ್ತೆ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದು, ಕಣದಲ್ಲಿ ಕಾಫಿ ಹರವೋ ಹೊತ್ತಲ್ಲಿ, ಡಿಸೆಂಬರಿಂದ ಫೆಬ್ರವರಿವರೆಗೆ ನಡುಹಗಲು ಒಳ್ಳೇದು. ಫ್ಯಾನ್ ಆಫ್. ಅಂಚಿರೋ ಒಂದು ತಟ್ಟೆ, ಅದರಲ್ಲಿ ಬಿಳಿ ಬಟ್ಟೆ, ಸ್ಕ್ರೂ ಉರುಳಿ ಹೋಗ್ಬಾರ್ದು. ಬ್ಲೋವರ್, ಲೂಪ್, ಬೆರಳಿಗೆ ಗ್ಲೌಸ್, ಲೆನ್ಸ್ ಟಿಶ್ಯು, ಹತ್ತಿಕಡ್ಡಿ. ಎರಡು ಮೊನೆಯ ಲೆನ್ಸ್ ಸ್ಪ್ಯಾನರ್ ಆನ್‌ಲೈನ್ ಸಿಗತ್ತೆ, ದುಡ್ಡು ಉಳಿಸೋಕೆ ವರ್ನಿಯರ್ ಕ್ಯಾಲಿಪರ್ ಮೊನೆ ಬಳಸೋರಿದ್ದಾರೆ, ನಾನೂ ಬಳಸಿದ್ದೆ, ಒಂದು ಸಲ ರಿಂಗ್ ಬಿಗಿ ಇತ್ತು, ಮೊನೆ ಜಾರಿ ಗಾಜಿನ ಮೇಲೆ ಸರ್ರ್ ಅಂತ ಹೋಯ್ತು, ಆ ಗೆರೆ ಇನ್ನೂ ಇದೆ, ಆ ಸದ್ದು ಇನ್ನೂ ಕಿವೀಲಿದೆ. ಸ್ಪ್ಯಾನರ್ ತಗೊಳ್ಳಿ. ತೂತಿಲ್ಲದ ಮುಂದಿನ ರಿಂಗಿಗೆ ಅಳತೆಗೆ ಸರಿಯಾದ ರಬ್ಬರ್ ಬಿರಡೆ ಒತ್ತಿ ತಿರುಗಿಸಬಹುದು, ಹೊರಗಿನಿಂದ ಹಿಡಿಯೋಕೆ ಸೈಕಲ್ ಟ್ಯೂಬಿನ ಒಂದು ತುಂಡು ಸುತ್ತಿದ್ರೆ ಹಿಡಿತ ಚೆನ್ನಾಗಿ ಸಿಗತ್ತೆ.

ದ್ರಾವಣಗಳು. ಐಸೊಪ್ರೊಪೈಲ್ ಆಲ್ಕೋಹಾಲ್ 99%, ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡೀಲಿ ಕೇಳಿ, ಮೆಡಿಕಲ್ ಶಾಪಿನ 70% ದರಲ್ಲಿ ನೀರು ಜಾಸ್ತಿ, ಕಲೆ ಬಿಡತ್ತೆ. ಡಿಸ್ಟಿಲ್ಡ್ ವಾಟರ್, ಬ್ಯಾಟರಿ ಅಂಗಡಿಯದ್ದು ಸಾಕು. ಫಂಗಸ್ಸಿಗೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯ. ಮೆಡಿಕಲ್ ಶಾಪಲ್ಲಿ ಪೆರಾಕ್ಸೈಡ್ ಸಾಮಾನ್ಯವಾಗಿ 6% ಸಿಗತ್ತೆ, ಸಮ ಡಿಸ್ಟಿಲ್ಡ್ ವಾಟರ್ ಸೇರಿಸಿ 3% ಮಾಡ್ಕೊಳ್ಳಿ. ಲ್ಯಾಬ್ ಕೆಮಿಕಲ್ ಅಂಗಡಿಯ ಅಮೋನಿಯ 25% ಇದ್ರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ಕಿಟಕಿ ತೆಗೆದಿಟ್ಟು, ಗ್ಲೌಸ್ ಕನ್ನಡಕ ಹಾಕ್ಕೊಂಡು ಮಾಡಿ, ಹತ್ರದಲ್ಲಿ ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಇರೋ ಟಾಯ್ಲೆಟ್ ಕ್ಲೀನರ್ ಇರ್ಲೇಬಾರ್ದು, ಅಮೋನಿಯ ಜೊತೆ ಸೇರಿದ್ರೆ ವಿಷದ ಗಾಳಿ ಬರತ್ತೆ. ಅಸಿಟೋನ್, ನೇಲ್ ಪಾಲಿಶ್ ರಿಮೂವರ್ ಬೇಡ, ಅಂಚಿನ ಪೇಂಟು, ಪ್ಲಾಸ್ಟಿಕ್ಕು ಎರಡನ್ನೂ ಕರಗಿಸತ್ತೆ.

ಬಿಚ್ಚೋದು

ಮೊದಲು ಗೊತ್ತಿರ್ಲಿ, ಕಾಂಪೊನಾನ್-ಎಸ್ ಅಥವಾ ಎಲ್-ನಿಕ್ಕಾರ್ 50 ಎಂಎಂ ಎಫ್ 2.8 ಥರದ್ದು ನಾಲ್ಕು ಗುಂಪಲ್ಲಿ ಆರು ಗಾಜು, ಅಪರ್ಚರಿನ ಮುಂದೊಂದು ಹಿಂದೊಂದು ಸೆಲ್, ಅಂದ್ರೆ ಗಾಜುಗಳನ್ನ ಹಿಡಿದಿರೋ ಲೋಹದ ಬಳೆ. ಎಲ್-ನಿಕ್ಕಾರ್ ಎಫ್ 4 ಥರದ್ದು ಮೂರು ಗುಂಪಲ್ಲಿ ನಾಲ್ಕು ಗಾಜು, ಹಿಂದೆ ಅಂಟಿಸಿದ ಜೋಡಿ. ಈ ರೀತಿ ಅನೇಕ ಲೆನ್ಸ್‌ಗಳಲ್ಲಿ ಮುಂದಿನ ಹಿಂದಿನ ಸೆಲ್ಲುಗಳು ಇಡಿಯಾಗಿ ತಿರುಗಿ ಬರತ್ತೆ, ಒಂದೊಂದೇ ಗಾಜು ಕೀಳೋ ಪ್ರಮೇಯವೇ ಬರಲ್ಲ. ಹೇಝ್ ಕೂರೋದು ಅಪರ್ಚರ್ ಎದುರಿನ ಮುಖಗಳಲ್ಲಿ ಅಂದೆನಲ್ಲ, ಅವೆರಡೂ ಹೀಗೇ ಕೈಗೆ ಸಿಗತ್ತೆ. ಹಾಗಾಗಿ ಮೊದಲ ಹೆಜ್ಜೆ, ಪರೀಕ್ಷೆ ಯಾವ ಕಡೆ ಹೇಳಿದೆಯೋ ಆ ಸೆಲ್ ಮಾತ್ರ ಬಿಚ್ಚಿ. ಎರಡೂ ಕಡೆ ಆದ್ರೆ ಹಿಂದಿನಿಂದ ಶುರು ಮಾಡಿ.

ಬಿಚ್ಚೋ ಮೊದಲು ಸೆಲ್ಲಿಗೂ ಬಾಡಿಗೂ ಸೇರಿ ಪೆನ್ಸಿಲಲ್ಲಿ ಒಂದು ಗೆರೆ. ಪ್ರತಿ ಹಂತಕ್ಕೂ ಮೊಬೈಲಲ್ಲಿ ಫೋಟೋ. ಎಷ್ಟು ಸುತ್ತಿಗೆ ಕಳಚಿ ಬಂತು ಎಣಿಸಿ ಬರ್ಕೊಳ್ಳಿ. ಜಗ್ಗಲಿಲ್ಲ ಅಂದ್ರೆ ಬಲ ಹಾಕ್ಬೇಡಿ, ಮರೆ ಅಂಚಿಗೆ ಕಡ್ಡಿ ತುದಿಯಿಂದ ಒಂದು ಹನಿ ಆಲ್ಕೋಹಾಲ್ ಬಿಟ್ಟು ಕಾಲು ಗಂಟೆ ಕಾಯಿರಿ, ಹೇರ್ ಡ್ರೈಯರಲ್ಲಿ ಲೋಹಕ್ಕೆ ಸ್ವಲ್ಪ ಬಿಸಿ ತೋರಿಸಿ, ಮತ್ತೆ ಪ್ರಯತ್ನ. ತುಕ್ಕು ಬಿಡಿಸೋ ಸ್ಪ್ರೇ ಹೊಡೆದ್ರೆ ಮುಗೀತು ಕಥೆ, ಆ ಎಣ್ಣೆ ನಾಳೆ ಗಾಜಿನ ಮೇಲೆ ಹೇಝ್ ಆಗಿ ಕೂರತ್ತೆ. ಅಪರ್ಚರ್ ಬ್ಲೇಡುಗಳನ್ನ ಮುಟ್ಟೋದೂ ಬೇಡ ಬಿಚ್ಚೋದೂ ಬೇಡ, ಅದು ಕಳಚಿ ಬಿದ್ರೆ ಜೋಡಿಸೋಕೆ ಬೇರೆ ಜನ್ಮ ಬೇಕು.

ಫಂಗಸ್ ಸೆಲ್ಲಿನ ಒಳಗೇ, ಎರಡು ಗಾಜಿನ ನಡುವೆ ಇದ್ರೆ ಮಾತ್ರ ರಿಂಗ್ ತೆಗೆದು ಗಾಜು ಹೊರಗೆ ತೆಗೀಬೇಕು. ಸೆಲ್ಲನ್ನ ಟಿಶ್ಯು ಮೇಲೆ ಬೋರಲು ಹಾಕಿ ಮೆಲ್ಲಗೆ ತಟ್ಟಿ ಅಥವಾ ಸಣ್ಣ ಸಕ್ಷನ್ ಕಪ್ಪಲ್ಲಿ ಎತ್ತಿ. ಹೊರಬಂದ ತಕ್ಷಣ ಗಾಜಿನ ಅಂಚಿಗೆ, ಮುಖಕ್ಕಲ್ಲ, ಮುಂದಿನ ಕಡೆ ತೋರಿಸೋ ಒಂದು ಬಾಣ ಪೆನ್ಸಿಲಲ್ಲಿ. ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಗಾಜಿನ ಎರಡು ಮುಖದ ಉಬ್ಬು ಹೆಚ್ಚುಕಮ್ಮಿ ಒಂದೇ ಥರ ಕಾಣತ್ತೆ. ನನ್ನ ಮೊದಲ ಲೆನ್ಸಲ್ಲಿ ಕರೆಂಟ್ ಹೋಯ್ತು, ಇನ್ವರ್ಟರ್ ಬರೋ ಅಷ್ಟರಲ್ಲಿ ಗಾಜು ಕೈಯಿಂದ ಬಟ್ಟೆ ಮೇಲೆ ಬಿತ್ತು, ಯಾವ ಮುಖ ಮೇಲಿತ್ತು ಅಂತ ಗೊತ್ತಿಲ್ಲ, ಅಂದಾಜಲ್ಲಿ ಹಾಕಿದೆ. ಲೆನ್ಸ್ ಕನ್ನಡಿ ಥರ ಹೊಳೀತಿತ್ತು, ಪ್ರಿಂಟ್ ಮಾತ್ರ ನಡುವೆಯೂ ಅಂಚಲ್ಲೂ ಮಂಜು ಮಂಜು. ತಿರುಗಿಸಿ ಹಾಕೋಣ ಅಂತ ಮತ್ತೆ ಬಿಚ್ಚಿದೆ, ಮರೆ ಓರೆ ಹಿಡಿದು ಕಚ್ಚಿಕೊಂಡು ಅಲ್ಲಿಗೆ ಆ ಲೆನ್ಸಿನ ಆಯಸ್ಸು ಮುಗೀತು. ಗಾಜುಗಳ ನಡುವೆ ತೆಳ್ಳನೆ ಉಂಗುರ ಸಿಕ್ಕಿದ್ರೆ ಅದೂ ಬೇಕು, ಅದರ ದಪ್ಪದ ಮೇಲೇ ಫೋಕಸ್ ನಿಂತಿರೋದು, ಅದಕ್ಕೂ ಮೇಲೆ ಕೆಳಗೆ ಇರತ್ತೆ.

ಒರೆಸೋದು

ಮೊದಲು ಬ್ಲೋವರ್, ಯಾವಾಗಲೂ. ಮರಳಿನ ಕಣ ಇದ್ದಾಗ ಒರೆಸಿದ್ರೆ ಉಜ್ಜುಕಾಗದ ಹಾಕಿದ ಹಾಗೆ. ಆಮೇಲೆ ಟಿಶ್ಯು ಮೇಲೆ ಎರಡು ಹನಿ ಆಲ್ಕೋಹಾಲ್, ಗಾಜಿನ ಮೇಲಲ್ಲ, ನಡುವಿನಿಂದ ಅಂಚಿಗೆ ಸುತ್ತುಸುತ್ತಾಗಿ, ಭಾರ ಹಾಕದೆ. ಒಂದು ಟಿಶ್ಯು ಒಂದೇ ಸಲ. ಹಳೇ ಲೆನ್ಸ್‌ಗಳಲ್ಲಿ ಒಳಮುಖದ ಕೋಟಿಂಗ್ ಮೆತ್ತಗಿರಬಹುದು, ಅಂಚಲ್ಲಿ ಅಕ್ಕಿಕಾಳಿನಷ್ಟು ಜಾಗ ಒರೆಸಿ ಟ್ಯೂಬ್‌ಲೈಟ್ ಬಣ್ಣ ಬದಲಾಯ್ತಾ ನೋಡಿ ಮುಂದಕ್ಕೆ ಹೋಗಿ. ಹೇಝ್ ಬಹುಪಾಲು ಇಷ್ಟಕ್ಕೇ ಹೋಗತ್ತೆ, ಜಿಡ್ಡು ಉಳಿದ್ರೆ ಸಿಗರೇಟ್ ಲೈಟರ್‌ಗೆ ಹಾಕೋ ಪೆಟ್ರೋಲಲ್ಲಿ ಒಂದು ಸುತ್ತು, ಮತ್ತೆ ಆಲ್ಕೋಹಾಲಲ್ಲಿ ಒಂದು ಸುತ್ತು.

ಫಂಗಸ್ ಆದ್ರೆ ಪೆರಾಕ್ಸೈಡ್ ಒಂದು ಚಮಚ, ಅಮೋನಿಯ ಒಂದು ಚಮಚ ಪಿಂಗಾಣಿ ಬಟ್ಟಲಲ್ಲಿ ಆಗಿಂದಾಗ್ಗೆ ಬೆರೆಸಿ. ಮಿಕ್ಕಿದ್ದನ್ನ ಬಾಟಲಿಗೆ ತುಂಬಿ ಮುಚ್ಚಿಡಬೇಡಿ, ಗ್ಯಾಸ್ ಬಿಟ್ಟು ಮುಚ್ಚಳ ಹಾರತ್ತೆ, ನೀರು ಬಿಟ್ಟು ಚೆಲ್ಲಿ. ಟಿಶ್ಯು ಒದ್ದೆ ಮಾಡಿ ಫಂಗಸ್ ಮೇಲೆ ಒಂದು ನಿಮಿಷ ಕೂರಿಸಿ, ಅಂಚಿಗೆ ಹರೀಬಾರ್ದು, ಮೆಲ್ಲಗೆ ಎತ್ತಿ ಒರೆಸಿ. ಮತ್ತೆ ಬೇಕಿದ್ರೆ ಮತ್ತೊಮ್ಮೆ. ಆಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಆಲ್ಕೋಹಾಲ್. ಅಂಟಿಸಿದ ಜೋಡಿ ಗಾಜನ್ನ ಯಾವ ಕಾರಣಕ್ಕೂ ದ್ರಾವಣದಲ್ಲಿ ಮುಳುಗಿಸಬೇಡಿ. ಮೂರು ಸುತ್ತು ಆದ್ಮೇಲೂ ಎಳೆ ಗುರುತು ಉಳಿದಿದ್ರೆ ಅದು ಕೋಟಿಂಗಿನ ಗಾಯ, ಅಲ್ಲಿಗೆ ಕೈ ತೆಗೀರಿ. ಲೆನ್ಸ್ ಬಿಸಿಲಿಗಿಟ್ರೆ ಫಂಗಸ್ ಸಾಯತ್ತೆ ಅಂತ ಹೇಳೋರಿದ್ದಾರೆ, ಸತ್ತರೂ ಹೆಣ ಅಲ್ಲೇ ಇರತ್ತಲ್ಲ ಮಾರಾಯ್ರೆ, ಒರೆಸದೇ ಹೋಗಲ್ಲ.

ಮುಚ್ಚೋದು, ಆಮೇಲೆ ನೋಡೋದು

ಬಿಚ್ಚಿದ್ದರ ಉಲ್ಟಾ ಕ್ರಮ, ಪ್ರತಿ ಗಾಜಿಗೂ ಕೂರಿಸೋ ಮೊದಲು ಬ್ಲೋವರ್. ಮರೆ ಹಾಕುವಾಗ ಮೊದಲು ಎಡಕ್ಕೆ, ಅಂದ್ರೆ ಬಿಚ್ಚೋ ದಿಕ್ಕಿಗೆ ತಿರುಗಿಸಿ, ಟಿಕ್ ಅಂತ ಒಂದು ಸಣ್ಣ ಇಳಿತ ಬೆರಳಿಗೆ ಗೊತ್ತಾಗತ್ತೆ, ಅಲ್ಲಿಂದ ಬಲಕ್ಕೆ. ಹೀಗೆ ಮಾಡಿದ್ರೆ ಮರೆ ಓರೆ ಹಿಡಿಯಲ್ಲ. ಎಣಿಸಿದ ಸುತ್ತು, ಪೆನ್ಸಿಲ್ ಗೆರೆ ಎರಡೂ ಕೂಡಿಬರ್ಬೇಕು. ಬಿಗಿ ಸಾಕಷ್ಟು, ಜಾಸ್ತಿ ಬೇಡ.

ಈಗ ಗ್ರೇನ್ ಚೆನ್ನಾಗಿರೋ ನೆಗೆಟಿವ್ ಹಾಕಿ ಪೂರ್ತಿ ಓಪನಲ್ಲಿ ಗ್ರೇನ್ ಫೋಕಸರ್ (ಫಿಲ್ಮ್ ಕಣವನ್ನ ದೊಡ್ಡದಾಗಿ ತೋರಿಸೋ ಸಾಧನ) ಇಟ್ಟು ನಡುವೆ ಮತ್ತು ನಾಲ್ಕು ಮೂಲೆ ನೋಡಿ. ನಾಲ್ಕೂ ಮೂಲೆ ಒಂದೇ ಥರ ಇದ್ರೆ ಗೆದ್ರಿ. ಒಂದೇ ಮೂಲೆ ಮಂಜಾಗಿದ್ರೆ ಗಾಜು ಓರೆ ಕೂತಿರಬಹುದು, ಎನ್ಲಾರ್ಜರಿನ ಲೆನ್ಸ್ ಬೋರ್ಡೇ ಓರೆ ಇರಬಹುದು. ಲೆನ್ಸನ್ನ ಮರೆಯಲ್ಲಿ ಕಾಲು ಸುತ್ತು ಸಡಿಲಿಸಿ, ಫೋಕಸ್ ಸರಿ ಮಾಡಿ ಮತ್ತೆ ನೋಡಿ. ಮಂಜು ಮೂಲೆ ಲೆನ್ಸ್ ಜೊತೆ ತಿರುಗಿದ್ರೆ ತಪ್ಪು ಲೆನ್ಸಿನದ್ದು, ಅಲ್ಲೇ ಉಳಿದ್ರೆ ಎನ್ಲಾರ್ಜರಿನದ್ದು. ಕೊನೆಗೆ ನಾಣ್ಯದ ಪರೀಕ್ಷೆ ಮತ್ತೊಮ್ಮೆ, ಹಳೇ ಪ್ರಿಂಟ್ ಪಕ್ಕ ಇಟ್ಟು.

ಮತ್ತೆ ಬರದ ಹಾಗೆ ಇಡೋದು

ಫಂಗಸ್ ಬೀಜ ಗಾಳೀಲಿ ಎಲ್ಲೆಲ್ಲೂ ಇರತ್ತೆ, ಅದನ್ನ ತಡೆಯೋಕಾಗಲ್ಲ, ತೇವವನ್ನ ತಡೀಬಹುದು. ಗೋಡೌನಲ್ಲಿಟ್ಟ ಕಾಫಿ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮಳೆಗಾಲದಲ್ಲಿ ತೇವ ಎಳ್ಕೊಳ್ಳೋದು ಗೊತ್ತಿರೋ ಊರಿನವರಿಗೆ ಇದನ್ನ ಹೇಳ್ಬೇಕಿಲ್ಲ. ಗಾಳಿಯ ತೇವ 60% ದಾಟಿ ದಿನಗಟ್ಟಲೆ ನಿಂತ್ರೆ ಫಂಗಸ್ಸಿಗೆ ಹಬ್ಬ, 40 ರಿಂದ 50% ನಡುವೆ ಇಟ್ರೆ ಲೆನ್ಸಿಗೆ ಕ್ಷೇಮ. ದುಡ್ಡಿದ್ರೆ ಡ್ರೈ ಕ್ಯಾಬಿನೆಟ್. ನನ್ನ ಹತ್ರ ಇರೋದು ರಬ್ಬರ್ ಗ್ಯಾಸ್ಕೆಟ್ ಇರೋ ಅಡುಗೆಮನೆ ಡಬ್ಬಿ, ಒಳಗೆ ಸಣ್ಣ ಡಿಜಿಟಲ್ ಹೈಗ್ರೋಮೀಟರ್, ಬಟ್ಟೆ ಚೀಲದಲ್ಲಿ ಸಿಲಿಕಾ ಜೆಲ್. ಕುಶಾಲನಗರದ ಕಡೆ ಇರೋರಿಗೆ ಒಂದ್ಸಲ ತುಂಬಿದ್ರೆ ತುಂಬಾ ದಿನ ಬರತ್ತೆ, ಭಾಗಮಂಡಲದ ಕಡೆಯವರು ವಾರವಾರ ನೋಡ್ಬೇಕು. ತೋಟದಲ್ಲಿ ಬೆಳಗ್ಗೆ ಎಷ್ಟು ಇಂಚು ಎಷ್ಟು ಸೆಂಟ್ ಮಳೆ ಅಂತ ಪುಸ್ತಕಕ್ಕೆ ಬರೀವಾಗ ಹೈಗ್ರೋಮೀಟರ್ ನಂಬರನ್ನೂ ಪಕ್ಕದಲ್ಲಿ ಬರೆದಿಡೋದು ನನ್ನ ಅಭ್ಯಾಸ, ನಮ್ಮ ಮನೆಯವಳು ನಗ್ತಾಳೆ.

ಚರ್ಮದ ಕೇಸಲ್ಲಿ ಇಡಬೇಡಿ, ಅದೇ ಫಂಗಸ್ಸಿನ ತವರು. ನುಸಿಗುಳಿಗೆ, ಕರ್ಪೂರ ಹಾಕೋರಿದ್ದಾರೆ, ಅದರ ಆವಿ ಗಾಜಿನ ಮೇಲೆ ಪದರ ಕಟ್ಟತ್ತೆ. ಅಕ್ಕಿ ಹಾಕಿದ್ರೆ ಹಿಟ್ಟಿನ ಧೂಳು. ಅಡುಗೆಮನೆ ಅಟ್ಟದಲ್ಲಿ ಒಲೆ ಮೇಲೆ ಒಣಗಿರತ್ತೆ ಅಂತ ಇಟ್ಟ ಒಬ್ಬ ಗೆಳೆಯನ ಲೆನ್ಸ್ ಹೊಗೆ ಹಿಡಿದು ಹಂದಿಮಾಂಸದ ವಾಸನೆ ಬರ್ತಿತ್ತು, ಫಂಗಸ್ ಮಾತ್ರ ಇರ್ಲಿಲ್ಲ. ಇನ್ನು ಬಚ್ಚಲುಮನೆಯನ್ನೇ ಡಾರ್ಕ್ ರೂಮ್ ಮಾಡ್ಕೊಂಡಿರೋರು ಪ್ರಿಂಟ್ ಮುಗಿದ ರಾತ್ರಿಯೇ ಲೆನ್ಸ್ ಕಳಚಿ ತಗೊಂಡು ಬನ್ನಿ, ಆದ್ರೆ ಬಿಸಿ ಲೆನ್ಸನ್ನ ತಕ್ಷಣ ಮುಚ್ಚಬೇಡಿ, ಅರ್ಧ ಗಂಟೆ ಆರಲಿ. ಎನ್ಲಾರ್ಜರಲ್ಲಿ ಲೆನ್ಸಿನ ತೂತಿಗೆ ಒಂದು ರಟ್ಟು ಮುಚ್ಚಿಡಿ, ಬೆಲ್ಲೋಸಿಗೆ ಜೇಡ ಬರಲ್ಲ.

ಸಿಲಿಕಾ ಜೆಲ್ ನೀಲಿ ಇದ್ದಿದ್ದು ಗುಲಾಬಿ ಆದ್ರೆ, ಕಿತ್ತಳೆ ಇದ್ದಿದ್ದು ಹಸಿರಾದ್ರೆ ಹೊಟ್ಟೆ ತುಂಬಿದೆ ಅಂತ. ಓವನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ರೆ ಮತ್ತೆ ಹೊಸದು. ನೀಲಿಯದರಲ್ಲಿ ಕೋಬಾಲ್ಟ್ ಇರೋದ್ರಿಂದ ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡ್ಬೇಡಿ, ಹಳೇ ಅಲ್ಯೂಮಿನಿಯಂ ತಟ್ಟೆ ಒಂದನ್ನ ಅದಕ್ಕೇ ಅಂತ ಎತ್ತಿಡಿ, ಬಿಸಿ ಇರುವಾಗಲೇ ಮುಚ್ಚಳದ ಡಬ್ಬಿಗೆ ಹಾಕಿ ಪೂರ್ತಿ ಆರಿದ ಮೇಲೆ ಲೆನ್ಸ್ ಪಕ್ಕ ಇಡಿ.